ಓದುಗರ ಪ್ರಶ್ನೆ – ನಮ್ಮ ಉತ್ತರ: ಐಎಸ್‌ಡಿಎನ್ ರೂಟರ್‌ಗಳಿಗೆ ಯಾವ ಎನ್‌ಕ್ಯಾಪ್ಸುಲೇಷನ್?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದು ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ: ಲೈನಿನ ಮೇಲೆ ಹೋಗುವ ದತ್ತಾಂಶದ ತುಂಡಿಗೆ (ಪ್ಯಾಕೆಟ್ಟಿಗೆ) ರೂಟರ್ ಹಚ್ಚುವ ಹೊದಿಕೆ, ಅಂದರೆ ಎನ್‌ಕ್ಯಾಪ್ಸುಲೇಷನ್, ಯಾವುದಿರಬೇಕು ಎಂಬುದು. ಲೀಸ್ಡ್ ಲೈನ್ (ಎರಡು ಕಚೇರಿಗಳ ನಡುವೆ ಸದಾ ತೆರೆದಿರುವ ಬಾಡಿಗೆಯ ತಂತಿ) ಕೈಕೊಟ್ಟಾಗ ಆಸರೆಗೆ ಇರಲಿ ಎಂದೋ, ಲೀಸ್ಡ್ ಲೈನಿನ ಬಾಡಿಗೆ ಭರಿಸಲಾಗದು ಎಂದೋ ಐಎಸ್‌ಡಿಎನ್ (ದತ್ತಾಂಶವನ್ನೂ ಸಾಗಿಸುವ ಡಿಜಿಟಲ್ ದೂರವಾಣಿ ಲೈನ್) ಹಾಕಿಸಿಕೊಂಡವರು ಇವುಗಳನ್ನು ಬರೆದಿದ್ದಾರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಈ ಬಾರಿಯ ಪುಟಗಳನ್ನು ಇವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ದಾವಣಗೆರೆಯಲ್ಲಿ ಪ್ರಧಾನ ಕಚೇರಿ, ಸುತ್ತಲಿನ ತಾಲ್ಲೂಕುಗಳಲ್ಲಿ ಆರು ಶಾಖೆಗಳಿರುವ ಸಹಕಾರ ಸಂಸ್ಥೆ ನಮ್ಮದು. ಎಲ್ಲ ಶಾಖೆಗಳಿಗೂ 64 ಕೆಬಿಪಿಎಸ್ ಲೀಸ್ಡ್ ಲೈನ್ ಇದ್ದು, ಅದು ಕಡಿದಾಗ ಐಎಸ್‌ಡಿಎನ್ ಕರೆ ತಾನಾಗಿ ಹೋಗುವಂತೆ ಮೊದಲಿದ್ದ ಎಂಜಿನಿಯರು ವ್ಯವಸ್ಥೆ ಮಾಡಿದ್ದರು. ಹೊಸದಾಗಿ ತೆರೆದ ಏಳನೆಯ ಶಾಖೆಗೆ ಬೇರೆ ಕಂಪನಿಯ ರೂಟರ್ ಕೊಂಡಿದ್ದೇವೆ. ಅಲ್ಲಿಂದ ಕರೆ ಹೋಗುತ್ತದೆ, ಕರೆ ಸೇರಿದೆ ಎಂದು ರೂಟರ್ ತೋರಿಸುತ್ತದೆ, ಆದರೆ ಒಂದು ಪಿಂಗ್ (ಆಚೆ ತುದಿಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆಯ ಸಂದೇಶ) ಕೂಡ ದಾಟುವುದಿಲ್ಲ; ಅರ್ಧ ನಿಮಿಷದಲ್ಲಿ ಕರೆ ಕಡಿಯುತ್ತದೆ, ಮತ್ತೆ ಹೋಗುತ್ತದೆ. ರೂಟರ್ ಮಾರಿದವರು ಎಕ್ಸ್‌ಚೇಂಜಿನ ದೋಷ ಎನ್ನುತ್ತಾರೆ, ಎಕ್ಸ್‌ಚೇಂಜಿನವರು ಲೈನ್ ಚೆನ್ನಾಗಿದೆ ಎನ್ನುತ್ತಾರೆ. ಹಳೆಯ ರೂಟರ್‌ಗಳಲ್ಲಿ ಎಚ್‌ಡಿಎಲ್‌ಸಿ ಎಂಬ ಎನ್‌ಕ್ಯಾಪ್ಸುಲೇಷನ್ ಇದೆ, ಹೊಸದರಲ್ಲಿ ಪಿಪಿಪಿ ಎಂಬುದು ಇದೆ ಎಂದು ತಿಳಿದುಬಂದಿದೆ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಪಿಪಿಪಿ ಹಾಕಿದರೆ ವೇಗ ಕುಂದುತ್ತದೆಯೇ?
– ಸಹಕಾರ ಸಂಸ್ಥೆಯೊಂದರ ಗಣಕ ವಿಭಾಗದವರು, ದಾವಣಗೆರೆ

ಉತ್ತರ: ಎಕ್ಸ್‌ಚೇಂಜಿನವರು ಹೇಳಿದ್ದೇ ಸರಿ. ನಿಮ್ಮ ಲೈನಿನಲ್ಲಿ 64 ಕೆಬಿಪಿಎಸ್‌ನ ಎರಡು ಬಿ ಚಾನೆಲ್‌ಗಳೂ 16 ಕೆಬಿಪಿಎಸ್‌ನ ಒಂದು ಡಿ ಚಾನೆಲ್ಲೂ ಇರುತ್ತವೆ. ಯಾರಿಗೆ ಕರೆ, ಯಾವ ಬಿ ಚಾನೆಲ್, ಕರೆ ಮುಗಿಯಿತೇ ಎಂಬ ಮಾತುಕತೆ ನಿಮ್ಮ ರೂಟರಿಗೂ ಎಕ್ಸ್‌ಚೇಂಜಿಗೂ ಡಿ ಚಾನೆಲ್ಲಿನಲ್ಲಿ, ಕ್ಯು.931 ಎಂಬ ಸಂಕೇತಭಾಷೆಯಲ್ಲಿ ನಡೆಯುತ್ತದೆ. ಅಲ್ಲಿ ರೂಟರ್ ಕೇಳುವುದು 'ನನಗೆ 64 ಕೆಬಿಪಿಎಸ್‌ನ ಡಿಜಿಟಲ್ ದಾರಿ ಬೇಕು' ಎಂದಷ್ಟೆ. ದಾರಿ ತೆರೆದ ಮೇಲೆ ಬಿ ಚಾನೆಲ್ಲಿನಲ್ಲಿ ಸೆಕೆಂಡಿಗೆ 64,000 ಬಿಟ್‌ಗಳು ಹಾಕಿದ ಹಾಗೆಯೇ ಆಚೆ ಹೊರಬೀಳುತ್ತವೆ. ಅವುಗಳಲ್ಲಿ ಏನಿದೆ ಎಂದು ಎಕ್ಸ್‌ಚೇಂಜ್ ನೋಡುವುದೂ ಇಲ್ಲ, ನೋಡಿದರೆ ಅದಕ್ಕೆ ತಿಳಿಯುವುದೂ ಇಲ್ಲ. ಎನ್‌ಕ್ಯಾಪ್ಸುಲೇಷನ್ ಎರಡು ತುದಿಯ ರೂಟರ್‌ಗಳ ನಡುವಣ ಒಪ್ಪಂದ. ಆ ಒಪ್ಪಂದ ಇಲ್ಲದಿದ್ದರೂ ಕರೆ ಸೇರುತ್ತದೆ, ಮೀಟರ್ ಓಡುತ್ತದೆ.

ನಿಮ್ಮಲ್ಲಿ ನಡೆಯುತ್ತಿರುವುದನ್ನು ಬಿಟ್‌ಗಳ ಮಟ್ಟದಲ್ಲೇ ನೋಡೋಣ. ಎರಡೂ ಬಗೆಯ ಫ್ರೇಮುಗಳು (ಹೊದಿಕೆ ಹಚ್ಚಿದ ಪ್ಯಾಕೆಟ್ಟುಗಳು) 01111110 ಎಂಬ ಒಂದೇ ಗುರುತಿನಿಂದ ಆರಂಭವಾಗುತ್ತವೆ. ಇಲ್ಲಿಯವರೆಗೆ ಇಬ್ಬರಿಗೂ ಜಗಳವಿಲ್ಲ. ನಿಮ್ಮ ಹಳೆಯ ರೂಟರ್‌ಗಳು ಯಾವ ಕಂಪನಿಯವೆಂದು ನೀವು ಬರೆದಿಲ್ಲ, ಆದರೆ ಐಎಸ್‌ಡಿಎನ್ ಇಂಟರ್‌ಫೇಸಿನಲ್ಲಿ ಏನೂ ಹೇಳದೆ ಬಿಟ್ಟರೆ ಎಚ್‌ಡಿಎಲ್‌ಸಿ ಇರುವುದು ಸಿಸ್ಕೊ ರೂಟರ್‌ಗಳ ರೂಢಿಯಾದ್ದರಿಂದ ಅವೇ ಎಂದು ಇಟ್ಟುಕೊಳ್ಳುತ್ತೇನೆ. ಸಿಸ್ಕೊ ಎಚ್‌ಡಿಎಲ್‌ಸಿಯಲ್ಲಿ ಗುರುತಿನ ನಂತರದ ಬೈಟ್ 00001111, ಅದರ ಮುಂದಿನದು ಪೂರ್ತಿ ಸೊನ್ನೆ, ಆಮೇಲೆ ಒಳಗಿರುವುದು ಐಪಿ (ಇಂಟರ್‌ನೆಟ್ ಪದ್ಧತಿಯ) ಪ್ಯಾಕೆಟ್ ಎಂದು ಹೇಳುವ ಎರಡು ಬೈಟ್‌ಗಳಲ್ಲಿ 0800 ಎಂಬ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆ. ಪಿಪಿಪಿಯಲ್ಲಾದರೆ ಮೊದಲ ಬೈಟ್ 11111111, ಎರಡನೆಯದು 00000011, ಐಪಿಯ ಸಂಖ್ಯೆ 0021. ಹೊಸ ರೂಟರ್ 11111111 ಬರಬೇಕಾದ ಜಾಗದಲ್ಲಿ 00001111 ಕಂಡು ಆ ಫ್ರೇಮನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ; ಎಸೆ, ದೂರು ಹೇಳಬೇಡ ಎಂದೇ ಪಿಪಿಪಿಯ ನಿಯಮದಲ್ಲಿದೆ. ಅದೇ ಹೊತ್ತಿಗೆ ಅದು ತನ್ನ ಕಡೆಯಿಂದ 'ಈ ಷರತ್ತುಗಳು ಒಪ್ಪಿಗೆಯೇ' ಎಂಬ ಕೋರಿಕೆಯನ್ನು ಕಳಿಸುತ್ತದೆ. ಉತ್ತರ ಬಾರದಿದ್ದರೆ 3 ಸೆಕೆಂಡಿಗೊಮ್ಮೆಯಂತೆ 10 ಸಲ ಕೇಳಿ ಕೈಬಿಡುವುದು ಅದರ ಸಾಮಾನ್ಯ ಲೆಕ್ಕ. ನೀವು ಬರೆದ ಅರ್ಧ ನಿಮಿಷ ಇದೇ. ಮತ್ತೊಂದು ಪ್ಯಾಕೆಟ್ ಬಂದೊಡನೆ ಮತ್ತೊಂದು ಕರೆ. ತಿಂಗಳ ಬಿಲ್ಲಿನ ವಿವರ ತರಿಸಿ ನೋಡಿ, ಅರ್ಧರ್ಧ ನಿಮಿಷದ ಕರೆಗಳು ಸಾಲುಗಟ್ಟಿರುತ್ತವೆ.

ಎಚ್‌ಡಿಎಲ್‌ಸಿ ಅಂತರರಾಷ್ಟ್ರೀಯ ಮಾನಕವಲ್ಲವೇ, ಎರಡೂ ಕಡೆ ಅದನ್ನೇ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಮಾನಕ ಹೌದು, ಆದರೆ ಒಳಗಿರುವುದು ಐಪಿ ಪ್ಯಾಕೆಟ್ಟೋ ನಾವೆಲ್ ಕಂಪನಿಯ ಐಪಿಎಕ್ಸ್ ಪ್ಯಾಕೆಟ್ಟೋ ಎಂದು ಬರೆಯಲು ಆ ಮಾನಕದಲ್ಲಿ ಜಾಗವೇ ಇಲ್ಲ. ಪ್ರತಿ ಕಂಪನಿಯೂ ತನಗೆ ತೋಚಿದಲ್ಲಿ ಆ ಜಾಗ ಮಾಡಿಕೊಂಡಿತು. ಹೀಗಾಗಿ ಒಂದು ಕಂಪನಿಯ ಎಚ್‌ಡಿಎಲ್‌ಸಿ ಇನ್ನೊಂದಕ್ಕೆ ಅರ್ಥವಾಗುವ ಖಾತರಿಯಿಲ್ಲ. ಸಿಸ್ಕೊ ಬಗೆಯದನ್ನು ಅರ್ಥಮಾಡಿಕೊಳ್ಳುವ ಬೇರೆ ಕಂಪನಿಗಳ ರೂಟರ್‌ಗಳೂ ಇವೆ, ನಿಮ್ಮ ಹೊಸ ರೂಟರ್ ಅಂಥದ್ದೇ ಇರಬಹುದು. ಆದರೂ ಆ ದಾರಿ ಹಿಡಿಯಬೇಡಿ ಎಂದೇ ಹೇಳುತ್ತೇನೆ. ಎಲ್ಲ ಶಾಖೆಗಳನ್ನೂ ಪಿಪಿಪಿಗೆ ತನ್ನಿ.

ಕಾರಣ ಕಂಪನಿಗಳ ಹೊಂದಾಣಿಕೆಯಷ್ಟೇ ಅಲ್ಲ. ಲೀಸ್ಡ್ ಲೈನಿನ ಆಚೆ ತುದಿಯಲ್ಲಿ ಯಾರಿದ್ದಾರೆಂದು ತಂತಿಯೇ ಹೇಳುತ್ತದೆ. ಹರಿಹರಕ್ಕೆ ಎಳೆದ ಲೈನಿನಲ್ಲಿ ಹರಿಹರದ ಶಾಖೆಯಲ್ಲದೆ ಬೇರೆಯವರು ಬರಲಾರರು. ಅಲ್ಲಿ ಎಚ್‌ಡಿಎಲ್‌ಸಿ ಸಾಕು, ನಾನೂ ಅಲ್ಲಿ ಅದನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ. ಐಎಸ್‌ಡಿಎನ್ ಹಾಗಲ್ಲ, ಅದು ದೂರವಾಣಿ. ನಿಮ್ಮ ಸಂಖ್ಯೆ ತಿಳಿದವರು ಯಾರು ಬೇಕಾದರೂ ಒತ್ತಬಹುದು. 'ನೀವು ಯಾರು' ಎಂಬ ಒಂದು ಮಾತನ್ನು ಕರೆ ಮಾಡಿದವರಿಂದ ಕೇಳಲು ಎಚ್‌ಡಿಎಲ್‌ಸಿಗೆ ಬಾಯಿಲ್ಲ. ಪಿಪಿಪಿ ಮೊದಲು ಲೈನಿನ ಷರತ್ತುಗಳನ್ನು ಗೊತ್ತುಮಾಡಿಕೊಳ್ಳುತ್ತದೆ, ಅನಂತರ ಕರೆ ಮಾಡಿದವರ ಗುರುತು ಕೇಳುತ್ತದೆ, ಗುರುತು ಸರಿಯಾದ ಮೇಲೆಯೇ ಐಪಿ ವಿಳಾಸದ ಮಾತು ತೆಗೆಯುತ್ತದೆ. ಹಣ ಎಣಿಸುವ ಸಂಸ್ಥೆಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಎರಡು ಬಿ ಚಾನೆಲ್‌ಗಳನ್ನು ಒಂದಾಗಿ ಹೆಣೆಯುವುದು, ಶಾಖೆಯ ಕರೆಯನ್ನು ಕಡಿದು ಪ್ರಧಾನ ಕಚೇರಿಯೇ ತಿರುಗಿ ಕರೆ ಮಾಡುವುದು, ದತ್ತಾಂಶವನ್ನು ಕುಗ್ಗಿಸಿ ಕಳಿಸುವುದು – ಇವಕ್ಕೆಲ್ಲ ಒಪ್ಪಿತ ವಿಧಾನಗಳಿರುವುದೂ ಪಿಪಿಪಿಯಲ್ಲೇ. ಅದರ ಈಗಿನ ರೂಪ 1994ರ ಜುಲೈನಲ್ಲಿ ಆರ್‌ಎಫ್‌ಸಿ 1661 ಎಂಬ ದಾಖಲೆಯಾಗಿ ಹೊರಬಂತು (ಆರ್‌ಎಫ್‌ಸಿ ಎಂಬುದು ಇಂಟರ್‌ನೆಟ್ ಪದ್ಧತಿಗಳ ಬಹಿರಂಗ ದಾಖಲೆಮಾಲೆ). ಐಎಸ್‌ಡಿಎನ್ ಮೇಲೆ ಅದನ್ನು ಹೇಗೆ ಸಾಗಿಸಬೇಕೆಂಬ ಆರ್‌ಎಫ್‌ಸಿ 1618 ಕೂಡ ಅದೇ ವರ್ಷದ್ದು. ಆ ದಾಖಲೆಗಳನ್ನು ಯಾವ ಕಂಪನಿಯೂ ತನ್ನದೆಂದು ಬೀಗ ಹಾಕಿ ಇಟ್ಟುಕೊಂಡಿಲ್ಲ.

ವೇಗದ ಚಿಂತೆ ಬೇಡ. 1500 ಬೈಟ್‌ಗಳ ಪ್ಯಾಕೆಟ್ಟಿಗೆ ಗುರುತು, ವಿಳಾಸ, ನಿಯಂತ್ರಣ, ಪ್ರೋಟೋಕಾಲ್ ಸಂಖ್ಯೆ, ಕೊನೆಯ ತಾಳೆಮೊತ್ತ ಎಲ್ಲ ಸೇರಿ ಪಿಪಿಪಿ ಹಚ್ಚುವುದು 7 ಬೈಟ್. ಸಿಸ್ಕೊ ಎಚ್‌ಡಿಎಲ್‌ಸಿ ಹಚ್ಚುವುದೂ 7 ಬೈಟ್. ಬರಿಯ ಪ್ಯಾಕೆಟ್ 64 ಕೆಬಿಪಿಎಸ್ ಲೈನನ್ನು ದಾಟಲು 187.5 ಮಿಲಿಸೆಕೆಂಡ್ ಹಿಡಿದರೆ ಈ ಹೊದಿಕೆಯೊಂದಿಗೆ ಸುಮಾರು 188.4 ಹಿಡಿಯುತ್ತದೆ, ಎರಡರಲ್ಲೂ ಅಷ್ಟೇ. ಪಿಪಿಪಿಯಲ್ಲಿ ಹೆಚ್ಚಾಗುವುದು ಕರೆ ಸೇರಿದ ಕೂಡಲೇ ನಡೆಯುವ ಮಾತುಕತೆಯ ಸಮಯ ಮಾತ್ರ, ಅದೂ ಕರೆಗೆ ಒಂದೇ ಸಲ.

ಬೇರೆ ಆಯ್ಕೆಗಳ ಬಗ್ಗೆಯೂ ಒಂದು ಮಾತು. ರೂಟರಿನ ಪಟ್ಟಿಯಲ್ಲಿ ಎಕ್ಸ್.25, ಲ್ಯಾಪ್‌ಬಿ, ಫ್ರೇಮ್ ರಿಲೇ ಎಂಬ ಹೆಸರುಗಳೂ ಕಾಣುತ್ತವೆ. ಆಚೆ ತುದಿಯಲ್ಲಿ ಆಯಾ ಜಾಲವೇ ಇದ್ದರೆ ಮಾತ್ರ ಅವು ಬೇಕು. ಎರಡು ಕಚೇರಿಗಳ ನಡುವಣ ನೇರ ಕರೆಗೆ ಅವುಗಳನ್ನು ಹಾಕುವುದು ಪಕ್ಕದ ಬೀದಿಗೆ ಹೋಗಲು ರೈಲಿಗೆ ಟಿಕೆಟ್ ಮಾಡಿಸಿದಂತೆ.

ಬದಲಾವಣೆಯನ್ನು ಒಂದೇ ರಾತ್ರಿಯಲ್ಲಿ ಮಾಡಬೇಡಿ. ನಿಮ್ಮ ಐಎಸ್‌ಡಿಎನ್ ಆಸರೆಯ ಲೈನ್ ಆಗಿರುವುದು ಇಲ್ಲಿ ಅನುಕೂಲ: ಲೀಸ್ಡ್ ಲೈನ್ ಸರಿಯಿರುವ ಹೊತ್ತು ನೋಡಿ, ಅದರ ಮೂಲಕವೇ ಶಾಖೆಯ ರೂಟರಿಗೆ ಟೆಲ್‌ನೆಟ್ ಮಾಡಿ (ದೂರದಿಂದಲೇ ಒಳಹೊಕ್ಕು) ಐಎಸ್‌ಡಿಎನ್ ಭಾಗವನ್ನು ತಿದ್ದಬಹುದು, ತಪ್ಪಿದರೂ ಶಾಖೆಯ ಕೆಲಸ ನಿಲ್ಲುವುದಿಲ್ಲ. ಪ್ರಧಾನ ಕಚೇರಿಯಲ್ಲಿ ಎರಡು ಐಎಸ್‌ಡಿಎನ್ ಲೈನ್‌ಗಳಿದ್ದರೆ ಒಂದನ್ನು ಪಿಪಿಪಿಗೆ ಕೊಟ್ಟು, ಹೊಸ ಶಾಖೆಯಿಂದ ಆರಂಭಿಸಿ ಒಂದೊಂದೇ ಶಾಖೆಯನ್ನು ಅದರ ಸಂಖ್ಯೆಗೆ ತಿರುಗಿಸಿ. ಒಂದೇ ಲೈನ್ ಇದ್ದರೆ ಭಾನುವಾರ ಕುಳಿತು ಆರೂ ಶಾಖೆಗಳನ್ನು ತಿದ್ದಿ, ಕೊನೆಗೆ ಪ್ರಧಾನ ಕಚೇರಿಯದನ್ನು ತಿದ್ದಬೇಕಾಗುತ್ತದೆ. ಮುಗಿದ ಮೇಲೆ ಪ್ರತಿ ಶಾಖೆಯಲ್ಲೂ ಒಬ್ಬರನ್ನು ರೂಟರಿನ ಬಳಿ ನಿಲ್ಲಿಸಿ ಲೀಸ್ಡ್ ಲೈನಿನ ಕೇಬಲ್ಲನ್ನು ನಿಜವಾಗಿಯೇ ಕೀಳಿಸಿ ನೋಡಿ. ತೆರೆಯ ಮೇಲೆ ಸರಿ ಕಂಡಿತು ಎಂದು ನಂಬಿ ಮನೆಗೆ ಹೋದವರ ಆಸರೆಯ ಲೈನುಗಳು ಮಳೆಗಾಲದಲ್ಲಿ ಮಾನ ಕಳೆದದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಕಚೇರಿಯ ರೂಟರ್ ಕರೆ ಮಾಡಿದವರ ದೂರವಾಣಿ ಸಂಖ್ಯೆ ನೋಡಿ, ಪಟ್ಟಿಯಲ್ಲಿದ್ದರೆ ಮಾತ್ರ ಕರೆಯನ್ನು ಸ್ವೀಕರಿಸುತ್ತದೆ. ಇಷ್ಟಿರುವಾಗ ಗುರುತು ಕೇಳುವ ಪಿಪಿಪಿಯ ವಿಧಾನಗಳಾದ ಪ್ಯಾಪ್, ಚ್ಯಾಪ್ ಬೇಕೇ? ಬೇಕಾದರೆ ಯಾವುದು? ಚ್ಯಾಪ್ ಹಾಕಿ ನೋಡಿದೆವು, ಎರಡೂ ಕಡೆ ಒಂದೇ ಪಾಸ್‌ವರ್ಡ್ ಇದ್ದರೂ ವಿಫಲ ಎಂದು ತೋರಿಸುತ್ತದೆ.
– ಖಾಸಗಿ ಕಾರ್ಖಾನೆಯೊಂದರ ಮೇಲ್ವಿಚಾರಕರು, ಹುಬ್ಬಳ್ಳಿ

ಉತ್ತರ: ಸಂಖ್ಯೆ ನೋಡಿ ಬಾಗಿಲು ತೆಗೆಯುವುದು ಒಳ್ಳೆಯ ಮೊದಲ ಜರಡಿ. ಅದು ಕರೆ ಸೇರುವ ಮೊದಲೇ ಡಿ ಚಾನೆಲ್ಲಿನಲ್ಲಿ ನಡೆಯುವುದರಿಂದ ತಿರಸ್ಕೃತ ಕರೆಗೆ ಶುಲ್ಕವೂ ಬೀಳುವುದಿಲ್ಲ. ಆದರೆ ಅದು ಗುರುತಿಸುವುದು ಲೈನನ್ನೇ ಹೊರತು ರೂಟರನ್ನಲ್ಲ. ಆ ಲೈನಿಗೆ ಬೇರೊಂದು ಪೆಟ್ಟಿಗೆ ಚುಚ್ಚಿದರೂ ಸಂಖ್ಯೆ ಅದೇ ಬರುತ್ತದೆ. ಕೆಲವು ಎಕ್ಸ್‌ಚೇಂಜುಗಳ ನಡುವೆ ಸಂಖ್ಯೆ ದಾಟಿ ಬರುವುದೇ ಇಲ್ಲ, ಆಗ ನಿಮ್ಮದೇ ಶಾಖೆ ಹೊರಗೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಸಂಖ್ಯೆಯ ಜರಡಿಯೂ ಇರಲಿ, ಒಳಗೆ ಚ್ಯಾಪ್ ಕೂಡ ಇರಲಿ.

ಪ್ಯಾಪ್ ಬೇಡ. ಅದು ಹೆಸರನ್ನೂ ಪಾಸ್‌ವರ್ಡನ್ನೂ ಮುಚ್ಚುಮರೆಯಿಲ್ಲದೆ ಲೈನಿನ ಮೇಲೆ ಕಳಿಸುತ್ತದೆ, ಅದೂ ಕರೆಯ ಆರಂಭದಲ್ಲಿ ಒಂದೇ ಸಲ. 1996ರ ಆರ್‌ಎಫ್‌ಸಿ 1994 ವಿವರಿಸುವ ಚ್ಯಾಪ್ ಹೀಗೆ ನಡೆದುಕೊಳ್ಳುತ್ತದೆ: ಕರೆ ಸ್ವೀಕರಿಸಿದ ರೂಟರ್ ಪ್ರತಿಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆಯನ್ನು ಸವಾಲಾಗಿ, ತನ್ನ ಹೆಸರಿನೊಂದಿಗೆ ಕಳಿಸುತ್ತದೆ. ಕರೆ ಮಾಡಿದ ರೂಟರ್ ಆ ಹೆಸರಿನ ಎದುರು ತನ್ನಲ್ಲಿ ಬರೆದಿಟ್ಟಿರುವ ಪಾಸ್‌ವರ್ಡನ್ನು ಹುಡುಕಿ, ಅದನ್ನೂ ಸವಾಲನ್ನೂ ಸೇರಿಸಿ ಎಂಡಿ5 ಎಂಬ, ಹಿಂದಕ್ಕೆ ಬಿಡಿಸಲಾಗದ ಲೆಕ್ಕಕ್ಕೆ ಹಾಕಿ, ಬಂದ 16 ಬೈಟ್‌ಗಳ ಉತ್ತರವನ್ನು ತನ್ನ ಹೆಸರಿನೊಂದಿಗೆ ಹಿಂದಿರುಗಿಸುತ್ತದೆ. ಮೊದಲನೆಯದು ಅದೇ ಲೆಕ್ಕವನ್ನು ತಾನೂ ಮಾಡಿ ತಾಳೆ ನೋಡುತ್ತದೆ. ಪಾಸ್‌ವರ್ಡ್ ಒಮ್ಮೆಯೂ ಲೈನಿನ ಮೇಲೆ ಹೋಗಲಿಲ್ಲ. ನಿನ್ನೆಯ ಉತ್ತರವನ್ನು ಕದ್ದಿಟ್ಟುಕೊಂಡವರಿಗೆ ಇಂದಿನ ಸವಾಲಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಕರೆಯ ನಡುವೆಯೂ ಬೇಕಾದಾಗ ಮತ್ತೆ ಸವಾಲು ಹಾಕಬಹುದು.

ನಿಮ್ಮ ವೈಫಲ್ಯದ ಕಾರಣ ಈ ವಿವರದಲ್ಲೇ ಇದೆ: ಚ್ಯಾಪ್‌ನಲ್ಲಿ ಪಾಸ್‌ವರ್ಡಿನಷ್ಟೇ ಹೆಸರೂ ಮುಖ್ಯ. ಶಾಖೆಯ ರೂಟರಿನಲ್ಲಿ 'ಯೂಸರ್‌ನೇಮ್' ಎಂದು ಬರೆಯಬೇಕಾದದ್ದು ಪ್ರಧಾನ ಕಚೇರಿಯ ರೂಟರಿನ ಹೋಸ್ಟ್‌ನೇಮನ್ನು (ಆ ರೂಟರಿಗೆ ಇಟ್ಟ ಹೆಸರನ್ನು), ತನ್ನದನ್ನಲ್ಲ. ಪ್ರಧಾನ ಕಚೇರಿಯಲ್ಲಿ ಬರೆಯಬೇಕಾದದ್ದು ಶಾಖೆಯ ಹೋಸ್ಟ್‌ನೇಮನ್ನು. ಹೊಸಬರು ತಪ್ಪುವುದು ಇಲ್ಲೇ. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ವ್ಯತ್ಯಾಸವನ್ನೂ ರೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಮ್ಮೆ ನಾನೇ ಹೊಸಪೇಟೆಯ ಒಂದು ಕಚೇರಿಗಾಗಿ ಅರ್ಧ ದಿನ ಕಳೆದಿದ್ದೆ. ಆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬೆಂಗಳೂರಿನಲ್ಲಿ ಕೂತವರು ಹಳೆಯ ರೀತಿ 'ಹಾಸ್ಪೆಟ್' ಎಂದು ಬರೆದಿದ್ದರು, ಹೊಸಪೇಟೆಯವರು ಕನ್ನಡದ ಉಚ್ಚಾರಣೆಗೆ ಸರಿಯಾಗಿ ನಡುವೆ ಒಂದು 'ಎ' ಸೇರಿಸಿ, ಕೊನೆಗೊಂದು 'ಇ' ಇಟ್ಟು ಬರೆದಿದ್ದರು. ಊರಿನವರು ಬರೆದದ್ದೇ ಚೆನ್ನಾಗಿತ್ತು, ಆದರೆ ರೂಟರಿಗೆ ಅಭಿರುಚಿ ಇಲ್ಲವಲ್ಲ. ಪಾಸ್‌ವರ್ಡಿನ ಕೊನೆಯಲ್ಲಿ ಅರಿಯದೆ ಒತ್ತಿದ ಒಂದು ಖಾಲಿ ಜಾಗವೂ ಇದೇ ಕಾಟ ಕೊಡುತ್ತದೆ. ಅದು ಪಾಸ್‌ವರ್ಡಿನ ಭಾಗವಾಗಿಬಿಡುತ್ತದೆ, ತೆರೆಯ ಮೇಲೆ ಕಾಣುವುದೂ ಇಲ್ಲ. ಎರಡೂ ಕಡೆ ಆ ಸಾಲನ್ನು ಅಳಿಸಿ ಹೊಸದಾಗಿ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಲೆಕ್ಕ ಮಾಡಲು ಎರಡೂ ರೂಟರ್‌ಗಳಿಗೆ ಮೂಲ ಪಾಸ್‌ವರ್ಡ್ ಗೊತ್ತಿರಲೇಬೇಕಾದ್ದರಿಂದ ಅದು ಕಾನ್ಫಿಗರೇಷನ್ನಿನಲ್ಲಿ (ರೂಟರಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿಯಲ್ಲಿ) ತೆರೆದೇ ಇರುತ್ತದೆ, ಇಲ್ಲವೆ ಸುಲಭವಾಗಿ ಬಿಡಿಸಬಹುದಾದ ರೂಪದಲ್ಲಿರುತ್ತದೆ. ಆ ಪ್ರತಿಯನ್ನು ಮುದ್ರಿಸಿ ರೂಟರ್ ಕಪಾಟಿನ ಬಾಗಿಲ ಒಳಮೈಗೆ ಅಂಟಿಸುವ ಅಭ್ಯಾಸ ನಮ್ಮ ಹಲವು ಕಚೇರಿಗಳಲ್ಲಿದೆ. ನಿಮ್ಮಲ್ಲೂ ಇದ್ದರೆ ಇಂದೇ ಕಿತ್ತುಬಿಡಿ.

ಪ್ರಶ್ನೆ: 128 ಕೆಬಿಪಿಎಸ್ ಸಿಗುತ್ತದೆ ಎಂದು ಎರಡೂ ಚಾನೆಲ್‌ಗಳನ್ನು ಬಳಸುವಂತೆ ಮಾಡಿಸಿದೆವು. ಬಿಲ್ಲು ಎರಡರಷ್ಟಾಗಿದೆ, ಆದರೆ ಒಂದು ದೊಡ್ಡ ಫೈಲ್ ಕಳಿಸಿದರೆ ಹಿಡಿಯುವ ಸಮಯ ಮೊದಲಿನಷ್ಟೇ.
– ಮುದ್ರಣಾಲಯವೊಂದರ ಮಾಲೀಕರು, ಮಂಗಳೂರು

ಉತ್ತರ: ಬಿಲ್ಲು ಎರಡರಷ್ಟಾಗುವುದು ಸಹಜ, ಪ್ರತಿ ಬಿ ಚಾನೆಲ್ಲಿನದೂ ಪ್ರತ್ಯೇಕ ಕರೆ. ಫೈಲಿನ ವೇಗ ಏರದಿದ್ದರೆ ಎರಡು ಕರೆಗಳೂ ಸೇರಿವೆ, ಆದರೆ ಅವು ಒಂದು ಕಟ್ಟಾಗಿಲ್ಲ ಎಂದರ್ಥ. ಆಗ ರೂಟರಿನ ಕಣ್ಣಿಗೆ ಒಂದೇ ಊರಿಗೆ ಹೋಗುವ ಎರಡು ಬೇರೆ ಬೇರೆ ದಾರಿಗಳು ಕಾಣುತ್ತವೆ. ಒಬ್ಬರ ಫೈಲ್ ಒಂದು ದಾರಿಯಲ್ಲಿ, ಇನ್ನೊಬ್ಬರ ಮೇಲ್ ಇನ್ನೊಂದು ದಾರಿಯಲ್ಲಿ ಹೋಗಬಹುದು, ಒಂದೇ ಫೈಲ್ ಎರಡರಲ್ಲೂ ಹಂಚಿಹೋಗದು.

ನಿಮಗೆ ಬೇಕಾದದ್ದು ಮಲ್ಟಿಲಿಂಕ್ ಪಿಪಿಪಿ. 1996ರ ಆರ್‌ಎಫ್‌ಸಿ 1990 ಅದರ ದಾಖಲೆ. ಅದು ಪ್ಯಾಕೆಟ್ಟನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕಿ, ಇದು ಮೊದಲ ತುಂಡು, ಇದು ಕೊನೆಯದು ಎಂಬ ಗುರುತಿಟ್ಟು ಎರಡೂ ಚಾನೆಲ್‌ಗಳ ಮೇಲೆ ಬಿಡುತ್ತದೆ. ಆಚೆ ಕಡೆ ಕ್ರಮಸಂಖ್ಯೆ ನೋಡಿ ಜೋಡಿಸಲಾಗುತ್ತದೆ. ತುಂಡೊಂದಕ್ಕೆ ಹೆಚ್ಚಾಗುವ ಹೊರೆ ಸಾಮಾನ್ಯವಾಗಿ 4 ಬೈಟ್, ಚಿಕ್ಕ ಕ್ರಮಸಂಖ್ಯೆಗೆ ಒಪ್ಪಿಕೊಂಡರೆ 2 ಬೈಟ್. ಎಚ್‌ಡಿಎಲ್‌ಸಿಯಲ್ಲಿ ಇಂಥ ಏರ್ಪಾಟಿಲ್ಲ. ಎರಡೂ ತುದಿಗಳಲ್ಲಿ ಮಲ್ಟಿಲಿಂಕ್ ಸೇರಿಸಿರಬೇಕು. ಒಂದು ಕಡೆ ಮಾತ್ರ ಇದ್ದರೆ ಎದುರಿನವರು ಒಲ್ಲೆ ಎನ್ನುತ್ತಾರೆ, ಕರೆ ಬರಿಯ ಪಿಪಿಪಿಯಾಗಿ ಮುಂದುವರಿಯುತ್ತದೆ, ಯಾರಿಗೂ ಸುಳಿವು ಹತ್ತುವುದಿಲ್ಲ.

ಎರಡೂ ಕಡೆ ಸರಿಯಿದ್ದರೂ ಕಟ್ಟು ಬೀಳದಿದ್ದರೆ ನಿಮ್ಮ ಕರೆಗಳು ಎಲ್ಲಿ ಹೋಗಿ ಸೇರುತ್ತಿವೆ ನೋಡಿ. ನೀವು ಕರೆ ಮಾಡುವುದು ಇಂಟರ್‌ನೆಟ್ ಸೇವೆಯವರಿಗಾದರೆ ಅವರ ಒಂದೇ ಸಂಖ್ಯೆಯ ಹಿಂದೆ ಹಲವು ಪೆಟ್ಟಿಗೆಗಳಿರುತ್ತವೆ. ಮೊದಲ ಕರೆ ಒಂದಕ್ಕೆ, ಎರಡನೆಯದು ಇನ್ನೊಂದಕ್ಕೆ ಹೋದರೆ, ಆ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದಲ್ಲಿ, ತುಂಡುಗಳನ್ನು ಜೋಡಿಸುವವರು ಯಾರೂ ಇರುವುದಿಲ್ಲ. ಇದನ್ನು ಅವರನ್ನೇ ಕೇಳಬೇಕು.

ಎರಡನೆಯ ಚಾನೆಲ್ ಯಾವಾಗ ಏರಬೇಕು ಎಂಬುದೂ ನಿಮ್ಮ ಕೈಯಲ್ಲಿದೆ. ಸಿಸ್ಕೊ ರೂಟರಿನಲ್ಲಿ ಹೊರೆಯ ಮಿತಿಯನ್ನು 1ರಿಂದ 255ರ ನಡುವೆ ಕೊಡುತ್ತಾರೆ. 128 ಎಂದರೆ ಸರಿಸುಮಾರು ಅರ್ಧ ತುಂಬಿದಾಗ. ಆದರೆ ಆ ಹೊರೆ 5 ನಿಮಿಷಗಳ ಸರಾಸರಿ. ಮೂರು ನಿಮಿಷದಲ್ಲಿ ಮುಗಿಯುವ ಫೈಲಿಗೆ ಎರಡನೆಯ ಚಾನೆಲ್ ಫೈಲ್ ಮುಗಿಯುವ ಹೊತ್ತಿಗೆ ಬಂದರೆ ಏನು ಲಾಭ? ಸರಾಸರಿಯ ಅವಧಿಯನ್ನು 30 ಸೆಕೆಂಡಿಗೆ ಇಳಿಸಬಹುದು. ಹಾಗೆಯೇ, ನಿಮ್ಮ ಪುಟವಿನ್ಯಾಸದ ಫೈಲ್‌ಗಳನ್ನು ಕಂಪ್ಯೂಟರಿನಲ್ಲೇ ಜಿಪ್ ಮಾಡಿ ಕಳಿಸುತ್ತಿದ್ದರೆ ರೂಟರಿನಲ್ಲಿ ಪಿಪಿಪಿಯ ಕುಗ್ಗಿಸುವಿಕೆಯನ್ನು ಹಾಕಬೇಡಿ. ಕುಗ್ಗಿದ್ದನ್ನು ಮತ್ತೆ ಕುಗ್ಗಿಸಲಾಗದು, ರೂಟರಿಗೆ ದಣಿವಷ್ಟೇ.

ಪ್ರಶ್ನೆ: ಮನೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಟರ್ಮಿನಲ್ ಅಡಾಪ್ಟರ್ (ಕಂಪ್ಯೂಟರನ್ನು ಐಎಸ್‌ಡಿಎನ್ ಲೈನಿಗೆ ಸೇರಿಸುವ ಪೆಟ್ಟಿಗೆ) ಜೋಡಿಸಿ ಕಚೇರಿಯ ರೂಟರಿಗೆ ಕರೆ ಮಾಡುತ್ತೇನೆ. ಅಡಾಪ್ಟರಿನಲ್ಲಿ ವಿ.110, ವಿ.120, ಪಿಪಿಪಿ ಎಂಬ ಮೂರು ಆಯ್ಕೆಗಳಿವೆ. ಯಾವುದನ್ನು ಆರಿಸಬೇಕು?
– ಮೈಸೂರಿನ ಓದುಗರು

ಉತ್ತರ: ಪಿಪಿಪಿಯನ್ನು ಆರಿಸಿ. ಸೀರಿಯಲ್ ಪೋರ್ಟಿನಿಂದ ಬರುವ ಪಿಪಿಪಿ ಒಂದೊಂದೇ ಅಕ್ಷರವಾಗಿ ಬರುತ್ತದೆ. ಈ ಆಯ್ಕೆಯಲ್ಲಿ ಅಡಾಪ್ಟರ್ ಅದನ್ನು ರೂಟರ್ ಬಯಸುವ ಬಿಟ್‌ಗಳ ರೂಪಕ್ಕೆ ತಿರುಗಿಸಿಕೊಡುತ್ತದೆ, ಹಾಗಾಗಿ ಕಚೇರಿಯ ಕಡೆ ಏನನ್ನೂ ಬದಲಿಸಬೇಕಿಲ್ಲ. ವಿ.110, ವಿ.120ಗಳು ಕಡಿಮೆ ವೇಗದ ಸೀರಿಯಲ್ ಸಾಧನಗಳನ್ನು 64 ಕೆಬಿಪಿಎಸ್ ಚಾನೆಲ್ಲಿಗೆ ಹೊಂದಿಸಲು ಬಂದವು. ಕಚೇರಿಯ ರೂಟರಿಗೂ ಅವು ತಿಳಿದಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಎರಡೂ ಚಾನೆಲ್ ಬಳಸುವ ಆಲೋಚನೆಯಿದ್ದರೆ ನೆನಪಿಡಿ: ಸಾಮಾನ್ಯ ಸೀರಿಯಲ್ ಪೋರ್ಟ್ 115.2 ಕೆಬಿಪಿಎಸ್‌ಗೆ ನಿಲ್ಲುತ್ತದೆ, ಅದರಲ್ಲೂ ಪ್ರತಿ ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಬಿಟ್‌ಗಳು ಹೋಗುತ್ತವೆ. ಒಳಗೆ ಕೂರಿಸುವ ಐಎಸ್‌ಡಿಎನ್ ಕಾರ್ಡಿಗೆ ಈ ತೊಡಕಿಲ್ಲ.

ಪ್ರಶ್ನೆ: ಎಚ್‌ಡಿಎಲ್‌ಸಿಯಿಂದ ಪಿಪಿಪಿಗೆ ಬದಲಾದ ಮೇಲೆ ನಮ್ಮ ಶಾಖೆಯ ಕರೆ ರಾತ್ರಿಯಿಡೀ ಕಡಿಯುವುದೇ ಇಲ್ಲ. ಪಿಪಿಪಿಯ ಕೀಪ್‌ಅಲೈವ್ (ಲೈನ್ ಜೀವಂತವಿದೆಯೇ ಎಂದು ಕೇಳುವ) ಸಂದೇಶಗಳೇ ಕರೆಯನ್ನು ಹಿಡಿದಿಟ್ಟಿವೆ ಎಂದು ನಮ್ಮ ಸರ್ವಿಸ್ ಎಂಜಿನಿಯರು ಹೇಳುತ್ತಾರೆ. ಮತ್ತೆ ಎಚ್‌ಡಿಎಲ್‌ಸಿಗೇ ಹೋಗಬೇಕೇ?
– ಶಿವಮೊಗ್ಗದ ಓದುಗರು

ಉತ್ತರ: ಬೇಡ. ಪಿಪಿಪಿ ತನ್ನ ಪಾಡಿಗೆ ಕಳಿಸುವ 'ಇದ್ದೀಯಾ' ಸಂದೇಶಗಳು ಲೈನಿನ ಮಟ್ಟದವು. ಕರೆಯನ್ನು ಕಡಿಯುವ ಗಡಿಯಾರವನ್ನು ಅವು ಮುಟ್ಟುವುದಿಲ್ಲ. ಎಚ್‌ಡಿಎಲ್‌ಸಿಯಲ್ಲೂ 10 ಸೆಕೆಂಡಿಗೊಮ್ಮೆ ಅಂಥದ್ದೇ ಸಂದೇಶಗಳು ಇದ್ದವು. ಆ ಗಡಿಯಾರವನ್ನು ಮತ್ತೆ ಸೊನ್ನೆಗೆ ತಿರುಗಿಸುವುದು 'ಇದಕ್ಕಾಗಿ ಕರೆ ಮಾಡಬಹುದು' ಎಂದು ನೀವೇ ಪಟ್ಟಿ ಮಾಡಿದ ಬಗೆಯ ಪ್ಯಾಕೆಟ್‌ಗಳು. ಆ ಪಟ್ಟಿಯಲ್ಲಿ 'ಎಲ್ಲ ಐಪಿಗೂ ಅನುಮತಿ' ಎಂಬ ಒಂದೇ ಸಾಲಿದ್ದರೆ ರೂಟರ್‌ಗಳು ಒಂದಕ್ಕೊಂದು ಮಾರ್ಗ ತಿಳಿಸುವ ರಿಪ್ ಎಂಬ ಪದ್ಧತಿ 30 ಸೆಕೆಂಡಿಗೊಮ್ಮೆ ಕಳಿಸುವ ಮಾರ್ಗಪಟ್ಟಿಯೂ ಅದರಲ್ಲಿ ಬರುತ್ತದೆ. ಕರೆ ಕಡಿಯಲು ಬೇಕಾದದ್ದು 120 ಸೆಕೆಂಡುಗಳ ಮೌನ, ಅದು ಸಿಗುವುದೇ ಇಲ್ಲ. ಬದಲಾವಣೆ ಮಾಡಿದವರು ಪಿಪಿಪಿ ಹಾಕುವಾಗ ಆಚೆ ರೂಟರಿನ ವಿಳಾಸದ ಸಾಲನ್ನು ಹೊಸದಾಗಿ ಬರೆದು, ಅದಕ್ಕೆ 'ಬ್ರಾಡ್‌ಕಾಸ್ಟ್' ಎಂಬ ಪದವನ್ನು ಸೇರಿಸಿರಬಹುದು ಎಂಬುದು ನನ್ನ ಊಹೆ. ಆ ಪದವಿಲ್ಲದಿದ್ದರೆ ಮಾರ್ಗಪಟ್ಟಿ ಕರೆಯೊಳಗೆ ಇಳಿಯುವುದೇ ಇಲ್ಲ.

ಐಎಸ್‌ಡಿಎನ್ ಮೇಲೆ ರಿಪ್ ನಿಲ್ಲಿಸಿ, ಲೀಸ್ಡ್ ಲೈನಿನ ಮಾರ್ಗ ಮಾಯವಾದಾಗ ಮಾತ್ರ ಮೇಲೇಳುವ ಫ್ಲೋಟಿಂಗ್ ಸ್ಟ್ಯಾಟಿಕ್ ರೂಟ್ ಬರೆಯಿರಿ. ಚಿಕ್ಕ ಶಾಖೆಗೆ ಅಷ್ಟು ಸಾಕು. ಅದಕ್ಕೂ ಮೊದಲು ಕರೆ ಯಾತಕ್ಕೆ ಹೋಯಿತೆಂದು ರೂಟರನ್ನೇ ಕೇಳಿ. ಸಿಸ್ಕೊ ರೂಟರಾದರೆ 'ಷೋ ಡಯಲರ್' ಎಂಬ ಆಜ್ಞೆ ಕರೆಗೆ ಕಾರಣವಾದ ಪ್ಯಾಕೆಟ್ಟಿನ ಎರಡೂ ಕಡೆಯ ವಿಳಾಸವನ್ನು ತೋರಿಸುತ್ತದೆ. ಗುರಿಯ ವಿಳಾಸ 255.255.255.255 ಅಥವಾ 224.0.0.9 ಎಂದಿದ್ದರೆ ಅಪರಾಧಿ ರಿಪ್, 224.0.0.5 ಆದರೆ ಅಂಥದ್ದೇ ಇನ್ನೊಂದು ಪದ್ಧತಿಯಾದ ಓಎಸ್‌ಪಿಎಫ್. ಕಂಪ್ಯೂಟರಿನ ಹೆಸರು ಹೇಳಿದರೆ ವಿಳಾಸ ತಿಳಿಸುವ, ಪ್ರಧಾನ ಕಚೇರಿಯ ಡಿಎನ್‌ಎಸ್ ಅಥವಾ ವಿನ್ಸ್ ಸರ್ವರಿನ ವಿಳಾಸ ಕಂಡರೆ, ಸಂಜೆ ಆರಿಸದೆ ಬಿಟ್ಟುಹೋದ ಯಾವುದೋ ವಿಂಡೋಸ್ ಕಂಪ್ಯೂಟರ್ ರಾತ್ರಿಯೆಲ್ಲ ಹೆಸರು ಕೇಳುತ್ತ ಕೂತಿದೆ. ಅದರ ಪಕ್ಕದಲ್ಲೇ ಇರುವ ಮೂಲದ ವಿಳಾಸವನ್ನು ನೋಡಿದರೆ ಅದು ಯಾರ ಮೇಜಿನದು ಎಂದೂ ತಿಳಿಯುತ್ತದೆ.